ಬಾಲ್ಗೆರಿಯ ಜಾನ್ ಗೌಡಿ

ಬೆಲ್ವ್ಯೂದಲ್ಲಿ ಬಸ್ಸು ಬದಲಾಯಿಸಿ ರೆಂಟನ್ ಕಡೆಯ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಮುದುಕರೊಬ್ಬರು ಬಂದು ಪಕ್ಕದಲ್ಲೇ ಕೂತರು. ಅವರ ಉಣ್ಣೆ ಕೋಟು ಮಳೆಗೆ ನೆನೆದು ತೊಪ್ಪೆಯಾಗಿತ್ತು. ಒದ್ದೆ ಉಣ್ಣೆಗೆ ಒಂದು ವಾಸನೆ ಇರುತ್ತದೆ, ಕುರಿ ರೊಪ್ಪದ ಪಕ್ಕ ಹಾದುಹೋದ ಹಾಗೆ. ಅದು ಮೂಗಿಗೆ ಬಡಿದದ್ದೇ ತಡ, ಹೋದ ವರ್ಷದ ಚಳಿಗಾಲ ಪೂರ್ತಿ ನೆನಪಾಗಿ ಕೂತಲ್ಲೇ ಸುಸ್ತಾಯಿತು. ನಮ್ಮ ಬೀಗತಿ ಜೀನ್ ತೊಡುತ್ತಿದ್ದದ್ದೂ ಇಂಥದೇ ಕೋಟು. ಆ ಚಳಿಗಾಲದಲ್ಲಿ ವಾರಕ್ಕೆರಡು ಸಲ ಇದೇ ಬಸ್ಸಿನಲ್ಲಿ ಅವಳ ಮನೆಗೆ ಹೋಗುತ್ತಿದ್ದೆ. ಇವತ್ತು ಹೊರಟಿರುವುದೂ ಅವಳ ಹತ್ತಿರಕ್ಕೇ.

ನನ್ನ ಮಗಳು ವಿದ್ಯಾ ಇಲ್ಲಿಯ ಹುಡುಗನನ್ನೇ ಮದುವೆಯಾದಳು. ಅಳಿಯನ ಹೆಸರು ಕೈಲ್. ಅವನ ತಾಯಿ ಜೀನ್, ಆಗ ಎಪ್ಪತ್ತನಾಲ್ಕರ ಹೆಂಗಸು, ರೆಂಟನ್ನಿನ ವಿಮಾನ ಕಾರ್ಖಾನೆಗೆ ನಾಲ್ಕು ಬೀದಿ ಆಚೆ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಓವರ್‌ಲೇಕ್ ಹತ್ತಿರ ಮಗಳ ಮನೆಗೆ ಬಂದು ಸೇರಿಕೊಂಡಿದ್ದೆ, ಮೂರು ವರ್ಷದ ಮೊಮ್ಮಗಳು ನಿಶಾಳನ್ನು ನೋಡಿಕೊಳ್ಳುವ ನೆಪದಲ್ಲಿ. ಅದಕ್ಕೆ ಮುಂಚೆ ತುಮಕೂರು ಕಡೆಯ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದವಳು ನಾನು. ಯಾವ ಕಾಲದ ಯಾವ ಗುಮಾಸ್ತ ಎಷ್ಟೇ ಕೆಟ್ಟದಾಗಿ ಗೀಚಿರಲಿ, ಓದಿ ಹೇಳುತ್ತಿದ್ದೆ. ಆ ಜಂಬವೊಂದು ನನಗೆ ಉಳಿದಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೀನ್ ಆಡಿದ್ದೆಲ್ಲ ಇಂಗ್ಲಿಷು, ನನಗೆ ನೆನಪಿರುವುದೆಲ್ಲ ಕನ್ನಡ. ಕೇಳಿದ್ದನ್ನು ಒಳಗೇ ಕನ್ನಡ ಮಾಡಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೇ ‘ಯೂ’. ಮೊದಮೊದಲು ಅವಳ ಯೂ ನನ್ನ ಕಿವಿಗೆ ‘ನೀವು’ ಅಂತ ಬೀಳುತ್ತಿತ್ತು. ಆಮೇಲೆ ಯಾವಾಗಲೋ ‘ನೀನು’ ಆಯಿತು. ನಡುವೆ ಒಂದು ಸಲ ಮತ್ತೆ ‘ನೀವು’ ಆಗಿ, ನಾನು ಬಹಳ ಅತ್ತೆ.

ಶುರುವಾದದ್ದು ನಿಶಾಳ ಡೇಕೇರಿನವರು ಕೊಟ್ಟ ಒಂದು ಹಾಳೆಯಿಂದ. ಮರದ ಚಿತ್ರ, ಕೊಂಬೆಗೊಂದು ಖಾನೆ, ಅಜ್ಜ ಅಜ್ಜಿ ಮುತ್ತಜ್ಜರ ಹೆಸರು ತುಂಬಿಸಿ ಕಳಿಸಬೇಕು. ನವೆಂಬರಿನ ಒಂದು ಭಾನುವಾರ ಜೀನ್ ಊಟಕ್ಕೆ ಬಂದಿದ್ದಳು. ವಂಶವೃಕ್ಷ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಕಚೇರಿಗೆ ವಂಶವೃಕ್ಷ ಹಿಡಿದು ಬಂದವರು ಯಾರೂ ಪ್ರೀತಿಯಿಂದ ಬಂದವರಲ್ಲ, ಅಣ್ಣತಮ್ಮಂದಿರು ಪಾಲಿಗೆ ನಿಂತಾಗಲೇ ಬರುತ್ತಿದ್ದದ್ದು. ನಮ್ಮ ಕಡೆಯ ಖಾನೆಗಳನ್ನು ಎರಡು ನಿಮಿಷದಲ್ಲಿ ತುಂಬಿ ಎದ್ದೆ. ಜೀನ್ ಮಾತ್ರ ಹಾಳೆಯನ್ನು ಮುಖದ ಪಕ್ಕಕ್ಕೆ ಹಿಡಿದು, ಕೋಳಿ ನೋಡುವ ಹಾಗೆ ಓರೆಯಾಗಿ ನೋಡುತ್ತ ಕೂತೇ ಇದ್ದಳು. ಅವಳ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ಅಂಚಿನಲ್ಲಷ್ಟೇ ಕಾಣುತ್ತಿತ್ತು. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು, ಅಂದಿದ್ದರಂತೆ ಡಾಕ್ಟರು.

“ನಮ್ಮಪ್ಪನ ತಾತನಿಂದ ಆಚೆಗೆ ನಂಗೇನೂ ಗೊತ್ತಿಲ್ಲ,” ಅಂದಳು. “ಸ್ಕಾಟ್ಲೆಂಡಿಂದ ಬಂದೋರು ಅನ್ನೋದು ಬಿಟ್ರೆ. ‘ನಮ್ದೂ ನೆಲ ಇತ್ತು’ ಅಂತ ಅಪ್ಪ ಸಾಯೋತನಕ ಹೇಳ್ತಿದ್ದ. ಯಾರೂ ನಂಬ್ತಿರ್ಲಿಲ್ಲ. ನಾನೂ ನಂಬಿರ್ಲಿಲ್ಲ.”

ಅವಳ ಅಪ್ಪ ಥಾಮಸ್ ಅದೇ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದವನು. ಜೀವಮಾನವೆಲ್ಲ ಬಾಡಿಗೆ ಮನೆ. ಮನೆಯೊಡೆಯರು ಬಿಡಿ ಅಂದಾಗಲೆಲ್ಲ ಗಂಟುಮೂಟೆ ಕಟ್ಟಿ ಇನ್ನೊಂದು ಬೀದಿಗೆ. ರೆಂಟನ್ನಿನ ಗುಡ್ಡದ ಮೇಲಿನ ಅವನ ಸಮಾಧಿಗಲ್ಲಿನಲ್ಲಿ ಹೆಸರು ಮತ್ತು ವರ್ಷ ಎರಡೇ ಇದ್ದವು. ಕೆಳಗೆ ಒಂದು ಸಾಲಿಗೆ ಜಾಗ ಬಿಡಿಸಿದ್ದಳಂತೆ ಜೀನ್, ಏನು ಬರೆಸುವುದು ಅಂತ ಗೊತ್ತಾಗದೆ.

“ಕಣ್ಣು ಪೂರ್ತಿ ಹೋಗೋದ್ರೊಳಗೆ ಆ ಸಾಲು ಏನು ಅಂತ ತಿಳ್ಕೋಬೇಕು,” ಅಂದಳು. “ಅಪ್ಪ ಹೇಳಿದ್ದು ನಿಜಾನಾ ಸುಳ್ಳಾ ಅಷ್ಟೇ. ಬೇರೇನೂ ಬೇಡ ನಂಗೆ.”

ವಿದ್ಯಾ ನನ್ನ ಕಡೆ ತಿರುಗಿದಳು. “ಅಮ್ಮಾ, ನೀನು ಹಳೇ ರೆಕಾರ್ಡ್ಸ್ ಎಲ್ಲ ಓದ್ತಿದ್ದೆ ಅಲ್ವಾ, ಸ್ವಲ್ಪ ಹೆಲ್ಪ್ ಮಾಡಮ್ಮ. ಕೈಲ್‌ಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ನಂಗೂ ಟೈಮಿಲ್ಲ.”

ನನಗೆ ಮಾತ್ರ ಟೈಮು ಹಿತ್ತಲಲ್ಲಿ ಬೆಳೆಯುತ್ತದೆ ನೋಡಿ! ಆದರೂ ಮನೆತನದ ಹೆಸರೇನು ಅಂತ ಕೇಳಿದೆ. ಗೌಡಿ, ಅಂದಳು. ಇನ್ನೊಂದು ಸಲ ಕೇಳಿದೆ. ಜಿ, ಒ, ಯು, ಡಿ, ಐ, ಇ. ಗೌಡಿ.

ನಗು ತಡೆಯಲಾಗಲಿಲ್ಲ. “ಅಯ್ಯೋ ಶಿವನೇ, ಇಷ್ಟು ದೂರ ಬಂದು ಕೊನೆಗೂ ಗೌಡರ ಮನೆಗೇ ಹೆಣ್ಣು ಕೊಟ್ಟ ಹಾಗಾಯ್ತಲ್ಲೇ,” ಅಂದೆ. ವಿದ್ಯಾ ಜೀನ್‌ಗೆ ಬಿಡಿಸಿ ಹೇಳಿದಳು: ನಮ್ಮಲ್ಲಿ ಗೌಡ ಅಂದರೆ ಊರಿಗೆ ಹಿರಿಯ, ನೆಲದ ಒಡೆಯ. ಜೀನ್ ನಗಲಿಲ್ಲ. ಮುಖ ಓರೆ ಮಾಡಿ ನನ್ನನ್ನೇ ನೋಡಿದಳು. “ನಿಮ್ಮ ದೇಶದಲ್ಲೂ ಹಾಗೇನಾ?” ಅಂತ ಮೆಲ್ಲಗೆ ಕೇಳಿದಳು. ತಮಾಷೆ ಅಲ್ಲಿಗೇ ಬಿಡಬೇಕಿತ್ತು ನಾನು. “ಮತ್ತಿನ್ನೇನು, ಗೌಡತಿ ನೀವು,” ಅಂದುಬಿಟ್ಟೆ.

ಹಾಗೆ ಶುರುವಾಯಿತು. ಮಂಗಳವಾರ, ಗುರುವಾರ ನಿಶಾಳನ್ನು ಡೇಕೇರಿಗೆ ಬಿಟ್ಟು ಬಸ್ಸು ಹಿಡಿಯುವುದು. ಇಲ್ಲಿನ ಮಳೆ ನಮ್ಮೂರಿನ ಹಾಗೆ ಹೊಡೆದು ಹೋಗುವುದಿಲ್ಲ. ಹೇಳದೆ ಬಂದ ನೆಂಟರ ಹಾಗೆ ಬಂದು ಕೂತುಬಿಡುತ್ತದೆ, ನವೆಂಬರಿನಲ್ಲಿ ಬಂದರೆ ಮೇ ತನಕ ಏಳುವುದಿಲ್ಲ. ಸಾಯಂಕಾಲ ನಾಲ್ಕೂವರೆಗೆ ಕತ್ತಲು. ಮಂಡಿ ನೋವು, ಮೇಲೆ ಎರಡು ಸ್ವೆಟರು. ಅಷ್ಟು ದೂರ ಹೋಗಿ ಮಾಡುತ್ತಿದ್ದದ್ದೇನು? ಕಂಪ್ಯೂಟರ್ ಮುಂದೆ ಕೂತು, ಸತ್ತು ಇನ್ನೂರು ವರ್ಷವಾದ ಬಿಳಿಯರ ಹೆಸರು ಓದುವುದು. ರಿಟೈರಾದ ಮೇಲೂ ನನ್ನ ಹಣೆಯಲ್ಲಿ ಬರೆದಿದ್ದದ್ದು ರೆಕಾರ್ಡ್ ರೂಮೇ.

ತಿಂಗಳಿಗೊಂದು ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸಂಘದ ಸಭೆ. ಸ್ಕಾಟ್ಲೆಂಡ್ ಮೂಲದವರ ಕುಟುಂಬ ಚರಿತ್ರೆಯ ಸಂಘ ಅದು. ಇಪ್ಪತ್ತು ನೆರೆತ ತಲೆಗಳು, ಒಂದು ದೊಡ್ಡ ಫ್ಲಾಸ್ಕು ಕಾಫಿ, ಓಟ್ಸಿನ ಬಿಸ್ಕತ್ತು. ಒಬ್ಬರಿಗೆ ಮುತ್ತಾತ ಸಿಕ್ಕಿದರೆ ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ಯಾರು ಅಂತ ಅವರಿಗೆ ಹೇಳುವುದು ಹೇಗೆ? ಮಗನ ಹೆಂಡತಿಯ ತಾಯಿಗೆ ಇಂಗ್ಲಿಷಿನಲ್ಲಿ ಒಂದು ಹೆಸರೂ ಇಲ್ಲ, ಬಡಪಾಯಿ ಭಾಷೆ. ಬೀಗತಿ ಅನ್ನುವುದನ್ನು ಜೀನ್‌ಗೆ ಕಲಿಸಿದೆ. ಅವಳ ಬಾಯಲ್ಲಿ ಅದು ‘ಬಿಗಾಟಿ’ ಆಯಿತು. “ಇವಳು ನನ್ನ ಬಿಗಾಟಿ. ನನ್ನ ಕಣ್ಣಿಗೆ ಬದಲು ಇವಳು ಓದ್ತಾಳೆ,” ಅಂತ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದಳು. ಅವಳ ಪತ್ರ, ಮೇಲ್, ಔಷಧದ ಚೀಟಿ, ಹಾಲಿನ ಡಬ್ಬದ ತಾರೀಖು, ಎಲ್ಲ ಆ ಹೊತ್ತಿಗೆ ನಾನೇ ಓದುತ್ತಿದ್ದೆ. ನಾನು ಏನು ಓದಿದೆನೋ ಅದೇ ಅವಳಿಗೆ ಇದ್ದದ್ದು.

ಸಂಘದವರ ಮೂಲಕ ಸ್ಕಾಟ್ಲೆಂಡಿನ, ಗೌಡಿಗಳ ಸೀಮೆಯದೇ ಇನ್ನೊಂದು ಸಂಘದ ಪರಿಚಯವಾಯಿತು. ಅದರ ಕಾರ್ಯದರ್ಶಿ ಬೇನ್ ಅನ್ನುವವರು, ನಿವೃತ್ತ ಮೇಷ್ಟರು. ಹಳೆಯ ತೆರಿಗೆ ಪಟ್ಟಿಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಕಳಿಸುತ್ತಿದ್ದರು. ಆ ಕಾಲದ ಸರ್ಕಾರ ಯಾವುದಕ್ಕೆ ತಾನೇ ತೆರಿಗೆ ಹಾಕಿರಲಿಲ್ಲ! ಒಲೆಗೆ, ಕಿಟಕಿಗೆ, ಗಡಿಯಾರಕ್ಕೆ, ನಾಯಿಗೆ, ಮನೆಗೆಲಸದವಳಿಗೆ, ಹೊಲ ಉಳುವ ಕುದುರೆಗೆ. ಬರೆದ ಗುಮಾಸ್ತರೂ ನಮ್ಮವರ ಹಾಗೇ, ಕಿವಿಗೆ ಬಿದ್ದದ್ದನ್ನು ಬರೆದವರು. ಡಿಸೆಂಬರ್ ಪೂರ್ತಿ ಗೌಡಿ ಅಂತ ಹುಡುಕಿ ಏನೂ ಸಿಗದೆ ಜೀನ್ ಕೈಚೆಲ್ಲಿದ್ದಳು. ನಮ್ಮ ಕಡತಗಳಲ್ಲಿ ಒಬ್ಬನೇ ಮನುಷ್ಯ ತಿಮ್ಮಯ್ಯ, ತಿಮ್ಮಪ್ಪ, ತಿಮ್ಮೇಗೌಡ ಆಗಿರುವುದನ್ನು ಕಂಡವಳು ನಾನು. ಗೌಡಿಯನ್ನು ಏಳೆಂಟು ಥರ ತಪ್ಪಾಗಿ ಬರೆದು ಹುಡುಕಿದೆ. ಥಾಮಸ್‌ನ ತಾತ ಸಿಕ್ಕಿದ, ತಾತನ ಅಪ್ಪ ಸಿಕ್ಕಿದ, ಚರ್ಚಿನ ನಾಮಕರಣದ ಪುಸ್ತಕದಲ್ಲಿ ಅವನ ತಂದೆ ಜಾನ್ ಮತ್ತು ಬಾಲ್ಗೆರಿ ಅನ್ನುವ ಊರು ಸಿಕ್ಕಿತು. ಬಾಲ್ಗೆರಿ! ಬಾಳೆಗೆರೆ ಅಂತಲೇ ಓದಿಕೊಂಡೆ. ಗೌಡರೂ ಆಯಿತು, ಕೆರೆಯೂ ಆಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಎಲ್ಲವೂ ನಮ್ಮೂರೇ.

ಜನವರಿಯ ಒಂದು ಗುರುವಾರ ಬೇನ್ ಕುದುರೆ ತೆರಿಗೆಯ ಪುಟ ಕಳಿಸಿದರು. ಜೀನ್ ಅಡುಗೆ ಕೋಣೆಯಲ್ಲಿ ಟೀ ಮಾಡುತ್ತಿದ್ದಳು. ಹೊರಗೆ ಹಗಲೋ ಸಂಜೆಯೋ ತಿಳಿಯದ ಮಬ್ಬು. ಪುಟದ ನಡುವೆ ಅವನ ಹೆಸರು ಕಂಡಾಗ ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ನನ್ನ ಪದ್ಧತಿಯಂತೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಗುರುತು ಹಾಕಿಕೊಂಡೆ: ‘ಬಾಲ್ಗೆರಿಯ ಜಾನ್ ಗೌಡಿ, ಉಳುವ ಕುದುರೆ ಎರಡು.’

“ಏನಾದ್ರೂ ಸಿಕ್ತಾ?” ಅಂದಳು ಜೀನ್, ಟೀ ಹಿಡಿದು ಬಂದು.

ಪರದೆ ಬಿಟ್ಟು ನೋಟ್‌ಬುಕ್ ನೋಡಿ ಹೇಳಿದೆ. “ಜಾನ್ ಗೌಡಿ ಆಫ್ ಬಾಲ್ಗೆರಿ. ಎರಡು ಕುದುರೆ.”

ಅವಳು ಬಟ್ಟಲು ಹಿಡಿದೇ ನನ್ನ ಕಡೆ ಬಗ್ಗಿದಳು. “ಆಫ್? ಆಫ್ ಬಾಲ್ಗೆರಿ ಅಂತಿದ್ಯಾ? ಇನ್ನೊಂದ್ಸಲ ನೋಡು.”

ಇನ್ನೊಂದು ಸಲ ನೋಡಿದೆ, ನೋಟ್‌ಬುಕ್ಕನ್ನೇ. “ಹ್ಞೂಂ ಮತ್ತೆ. ಆಫ್ ಬಾಲ್ಗೆರಿ.”

ಅವಳು ಬಟ್ಟಲು ಕೆಳಗಿಟ್ಟು ನನ್ನ ಭುಜ ಹಿಡಿದುಕೊಂಡಳು. “ಹಾಗಾದ್ರೆ ಅಪ್ಪ ಸುಳ್ಳು ಹೇಳಿಲ್ಲ. ಬಿಗಾಟಿ, ನೀನು ನಮ್ಮಪ್ಪನ ಮಾತು ಉಳಿಸಿದೆ,” ಅಂತ ಅತ್ತಳು. ನನ್ನ ಕಿವಿಯಲ್ಲಿ ಅವಳ ಯೂ ‘ನೀನು’ ಆದದ್ದು ಆವತ್ತೇ. ಆಫ್ ಅನ್ನುವ ಎರಡಕ್ಷರಕ್ಕೆ ಇಷ್ಟೇಕೆ ಅಳುತ್ತಾಳೆ ಅಂತ ನಾನು ಕೇಳಲಿಲ್ಲ. ಗೌಡ ಅಂದಮೇಲೆ ನೆಲ ಇರದೆ ಇರುತ್ತದೆಯೇ?

ಫೆಬ್ರವರಿಯ ಸಭೆಯಲ್ಲಿ ಜೀನ್ ಎದ್ದು ನಿಂತು ಹೇಳಿದಳು. ಚಪ್ಪಾಳೆ ಅವಳಿಗಿಂತ ನನಗೇ ಹೆಚ್ಚು ಬಿತ್ತು. ವಯಸ್ಸಾದವರು ಬಂದು ಕೈ ಕುಲುಕಿದರು, ನಮ್ಮದನ್ನೂ ಓದಿಕೊಡುತ್ತೀರಾ ಅಂತ ಇಬ್ಬರು ಕೇಳಿದರು. ಸಮಾಧಿಗಲ್ಲಿನ ಖಾಲಿ ಸಾಲಿನಲ್ಲಿ ‘ಗೌಡಿ ಆಫ್ ಬಾಲ್ಗೆರಿ’ ಅಂತ ಕೆತ್ತಿಸುವುದು ಅಂತಾಯಿತು. ಮಾರ್ಚಿನಲ್ಲಿ ಥಾಮಸ್ ತೀರಿಕೊಂಡ ದಿನ ಬರುತ್ತಿತ್ತು, ಅಷ್ಟರೊಳಗೆ ಮಾಡಿಕೊಡುತ್ತೇನೆ ಅಂದ ಕಲ್ಲು ಕೆತ್ತುವವನು. ಬಾಲ್ಗೆರಿಯಲ್ಲಿ ಗೌಡಿಗಳ ನೆಲ ಎಲ್ಲಿಂದ ಎಲ್ಲಿಯ ತನಕ ಇತ್ತು ಅಂತ ಕೇಳಿ ಬೇನ್ ಅವರಿಗೆ ಜೀನ್ ಒಂದು ಪತ್ರವನ್ನೂ ಬರೆಸಿದಳು.

ಬೇನ್ ಉತ್ತರ ಬಂದದ್ದು ಕಲ್ಲು ಕೆತ್ತುವುದಕ್ಕೆ ಹನ್ನೊಂದು ದಿನ ಮುಂಚೆ. ಜೀನ್ ಸ್ಟವ್ ಮುಂದೆ ಓಟ್ಸ್ ಗಂಜಿ ತಿರುವುತ್ತಿದ್ದಳು. ನಾನು ಮೇಲ್ ತೆಗೆದು ಮನಸ್ಸಿನಲ್ಲೇ ಓದಿಕೊಂಡೆ. ಬಹಳ ಮರ್ಯಾದೆಯಿಂದ ಬರೆದಿದ್ದರು. ಒಂದು ಸಣ್ಣ ತಪ್ಪು ತಿಳಿವಳಿಕೆ ಆಗಿರಬಹುದು, ಆ ಪುಟದಲ್ಲಿರುವುದು ಜಾನ್ ಗೌಡಿ ‘ಆಫ್’ ಬಾಲ್ಗೆರಿ ಅಲ್ಲ, ‘ಇನ್’ ಬಾಲ್ಗೆರಿ. ನಮ್ಮ ಹಳೆಯ ಕಾಗದಗಳಲ್ಲಿ ‘ಆಫ್’ ಅಂದರೆ ಆ ನೆಲದ ಒಡೆಯ, ‘ಇನ್’ ಅಂದರೆ ಆ ನೆಲವನ್ನು ಗೇಣಿಗೆ ಉಳುವವನು. ಬಾಲ್ಗೆರಿಯ ಒಡೆಯರು ಬೇರೆ ಮನೆತನದವರು. ಆದರೂ ಸ್ವಂತಕ್ಕೆ ಎರಡು ಕುದುರೆ ಇಟ್ಟಿದ್ದ ಒಕ್ಕಲು ಸಾಮಾನ್ಯನಲ್ಲ, ಬೇಸರಪಡಬೇಡಿ.

ಪುಟ ತೆಗೆದು ನೋಡಿದೆ. ಇನ್. ಮಗು ಕೂಡ ಓದಬಹುದಾದಷ್ಟು ಸ್ಪಷ್ಟವಾಗಿ, ಇನ್. ಇಂಗ್ಲಿಷಿನ ಎರಡನ್ನೂ ಕನ್ನಡದ ಒಂದೇ ‘ಯ’ ನುಂಗಿತ್ತು. ಬಾಲ್ಗೆರಿಯ ಅಂದರೆ ಒಡೆಯನೂ ಹೌದು, ಒಕ್ಕಲೂ ಹೌದು, ದಾರಿಹೋಕನೂ ಹೌದು. ನೋಟ್‌ಬುಕ್ಕಿನಿಂದ ಮತ್ತೆ ಇಂಗ್ಲಿಷಿಗೆ ತರುವಾಗ ನನ್ನ ನಾಲಿಗೆಗೆ ಸಿಕ್ಕಿದ್ದು ಆಫ್. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನಾನು ಆ ಮುಕ್ಕಾಲು ಸೇರಿಸಿಯೇ ಕೆಟ್ಟೆ. ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಸಾಕಿತ್ತು.

ಈ ತಪ್ಪು ಬೇರೆ ಯಾರು ಮಾಡಿದ್ದರೂ ಕ್ಷಮೆಯಿತ್ತು. ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಉಳುವವನ ಹೆಸರು. ಇಪ್ಪತ್ತಾರು ವರ್ಷ ಜನ ನನ್ನ ಕಿಟಕಿಗೆ ಬಂದು, “ಅಮ್ಮಾವ್ರೇ, ನಮ್ಮಪ್ಪನ ಹೆಸ್ರು ಎಷ್ಟನೇ ಕಾಲಮ್ನಾಗೈತೆ ವಸಿ ನೋಡಿ,” ಅಂತ ಕೇಳಿದ್ದರು. “ಹನ್ನೆರಡು, ಒಂಬತ್ತರಲ್ಲಿಲ್ಲ,” ಅಂತ ತಲೆ ಎತ್ತದೆ ಹೇಳಿ ಕಳಿಸಿದ್ದೆ. ಆ ಎರಡು ಕಾಲಮ್ಮಿನ ನಡುವೆ ಎಷ್ಟು ಜನ ಸವೆದು ಹೋದರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ನಾನೇ ಹನ್ನೆರಡರಲ್ಲಿದ್ದವನನ್ನು ಎತ್ತಿ ಒಂಬತ್ತರಲ್ಲಿ ಕೂರಿಸಿದ್ದೆ.

“ಬೇನ್ ಏನಾದ್ರೂ ಬರೆದಿದಾರಾ?” ಅಂತ ಜೀನ್ ಸ್ಟವ್ ಹತ್ತಿರದಿಂದಲೇ ಕೇಳಿದಳು.

“ಇಲ್ಲ, ಇವತ್ತೇನೂ ಬಂದಿಲ್ಲ,” ಅಂದೆ.

ಯಾಕೆ ಹಾಗಂದೆ? ನಾಳೆ ಹೇಳೋಣ ಅಂತ. ಮಾರನೆಯ ದಿನ ನಿಶಾಳಿಗೆ ಡೇಕೇರಿನಿಂದ ಜ್ವರ ಹತ್ತಿತು, ಮೂರು ದಿನ ಮಗು ನನ್ನ ಹೆಗಲು ಬಿಟ್ಟಿಳಿಯಲಿಲ್ಲ. ಆಮೇಲೆ ಅದೇ ಜ್ವರ ನನಗೆ ಬಂತು. ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ಕೂತು ಹೇಳಬೇಕು ಅಂದುಕೊಂಡೆ. ಎದುರು ಕೂತಾಗ ಅವಳು ಅಪ್ಪನ ಹಳೆಯ ಫೋಟೋ ತಂದು ಮೇಜಿನ ಮೇಲಿಟ್ಟಿದ್ದಳು. ಅತ್ತ ದರಿ ಇತ್ತ ಪುಲಿ. ಸುಸ್ತು, ಜ್ವರ, ಮಂಡಿ ನೋವು, ಎಲ್ಲ ನೆಪ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಯಜಮಾನರು ಹೋದ ಮೇಲೆ, ಕೆಲಸ ಬಿಟ್ಟ ಮೇಲೆ, ಈ ದೇಶದಲ್ಲಿ ನಾನೂ ಒಂದು ಕೆಲಸಕ್ಕೆ ಬರುತ್ತೇನೆ ಅಂತ ಒಬ್ಬಳು ಹೇಳಿದ್ದಳು. ಅದನ್ನು ಕಳೆದುಕೊಳ್ಳುವ ಧೈರ್ಯ ಇರಲಿಲ್ಲ. ಹನ್ನೊಂದು ದಿನ ಕಳೆದವು, ಕಲ್ಲು ಕೆತ್ತಿ ಆಯಿತು.

ಮಾರ್ಚಿನ ಆ ದಿನ ಕೈಲ್ ನಮ್ಮಿಬ್ಬರನ್ನು ಗುಡ್ಡದ ಮೇಲೆ ಬಿಟ್ಟು ಕಾರಿನಲ್ಲಿ ಕೂತ. ಜಿನುಗು ಮಳೆ. ಜೀನ್ ಕೋಟು ತೊಟ್ಟೇ ಮಂಡಿಯೂರಿ ಹೊಸ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕಣ್ಣಿಗಿಂತ ಬೆರಳೇ ಚೆನ್ನಾಗಿ ಕಾಣುತ್ತಿತ್ತು ಅವಳಿಗೆ. “ಅಪ್ಪಾ, ನಾನು ನಂಬಿರ್ಲಿಲ್ಲ. ತಪ್ಪಾಯ್ತು,” ಅಂತ ಕಲ್ಲಿಗೆ ಹೇಳಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಒದ್ದೆ ಕೋಟನ್ನು ಕುರ್ಚಿಯ ಮೇಲೆ ಹರವಿದಳು. ಮನೆ ತುಂಬ ಉಣ್ಣೆಯ ವಾಸನೆ. ಕೈಲ್ ಕೆಲಸಕ್ಕೆ ಹೋದ. “ಬಾ, ಬೇನ್‌ಗೆ ಥ್ಯಾಂಕ್ಸ್ ಹೇಳಿ ಪತ್ರ ಬರೆಯೋಣ. ಕಲ್ಲಿನ ಫೋಟೋನೂ ಕಳಿಸು,” ಅಂದಳು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

“ಡಿಯರ್ ಮಿಸ್ಟರ್ ಬೇನ್ ಅಂತ ಬರೆದ್ಯಾ?”

“ಜೀನ್,” ಅಂದೆ, “ಬೇನ್ ಉತ್ತರ ಯಾವತ್ತೋ ಬಂದಿದೆ.”

ಎಲ್ಲ ಹೇಳಿದೆ. ನೋಟ್‌ಬುಕ್ಕು, ‘ಯ’, ಒಂಬತ್ತು, ಹನ್ನೆರಡು. ಕೊನೆಗೆ, “ಆ ಮೇಲ್ ಓದಿ,” ಅಂದಳು. ಓದಿದೆ, ಒಂದಕ್ಷರ ಬಿಡದೆ.

“ಯಾವತ್ತು ಬಂದಿದ್ದು?”

“ಕಲ್ಲು ಕೆತ್ತೋಕೆ ಹನ್ನೊಂದು ದಿನ ಮುಂಚೆ.”

ಅವಳು ಮುಖ ಓರೆ ಮಾಡಿ ನನ್ನನ್ನು ಹುಡುಕಿದಳು. “ಇನ್ ಅನ್ನೋದನ್ನ ಆಫ್ ಅಂತ ಓದಿದ್ದು ತಪ್ಪು. ತಪ್ಪು ಯಾರಿಗಾದ್ರೂ ಆಗುತ್ತೆ. ಬಂದಿರೋದನ್ನ ಬಂದಿಲ್ಲ ಅಂದ್ರಲ್ಲ, ಅದು ತಪ್ಪಲ್ಲ. ನಂಗೆ ಕಣ್ಣಿಲ್ಲ ಅಂತ ಗೊತ್ತಿದ್ದೇ ಹಾಗಂದ್ರಿ.” ಎದ್ದು ಗೋಡೆ ತಡವಿಕೊಂಡು ಹೋಗಿ ಬಾಗಿಲು ತೆರೆದಳು. “ನಿಮ್ಮ ಬಸ್ಸಿಗೆ ಹೊತ್ತಾಯ್ತು.”

ನೀವು. ಇಂಗ್ಲಿಷಿನಲ್ಲಿ ಅದೇ ಯೂ, ಆದರೆ ನನಗೆ ಗೊತ್ತಾಗದೇ ಇರುತ್ತದೆಯೇ? ಸ್ಟಾಪಿನಲ್ಲಿ ಎರಡು ಬಸ್ಸು ಬಂದು ಹೋದವು, ಹತ್ತಬೇಕು ಅನ್ನಿಸಲಿಲ್ಲ. ಮನೆಗೆ ಬಂದಾಗ ವಿದ್ಯಾಳಿಗೆ ಸುದ್ದಿ ಮುಟ್ಟಿತ್ತು. “ಮೇಲ್ ಬಂದ ದಿನಾನೇ ಹೇಳ್ಬೇಕಿತ್ತು ಕಣಮ್ಮ. ಇಟ್ಸ್ ಓಕೆ ಅಂತಿದ್ರು ಅವ್ರು,” ಅಂದಳು. “ಎಲ್ಲ ತಿಳಿದೋಳು, ನೀನೇ ಹೋಗಿ ಓದ್ಬೇಕಿತ್ತು,” ಅಂತ ಸಿಡುಕಿ ಬಚ್ಚಲು ಮನೆಗೆ ಹೋಗಿ ಅತ್ತೆ. ಬಾಗಿಲಾಚೆ ನಿಶಾ, “ಅಜ್ಜಿ, ಆರ್ ಯೂ ಡನ್?” ಅಂತ ಕೇಳುತ್ತಲೇ ಇದ್ದಳು.

ಏಪ್ರಿಲ್ ಪೂರ್ತಿ ಫೋನಿಲ್ಲ. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಕೈಲ್ ಅವಳಿಗೆ ಮೇಲ್‌ಗಳನ್ನು ಗಟ್ಟಿಯಾಗಿ ಓದುವ ಫೋನು ತಂದುಕೊಟ್ಟಿದ್ದಾನೆ ಅಂತ ತಿಳಿಯಿತು. ಒಳ್ಳೆಯದಾಯಿತು ಅಂದೆ, ಹೊಟ್ಟೆ ಉರಿಯಿತು. ಸಂಘದ ಸಭೆಯಲ್ಲಿ ಅವಳೇ ಎದ್ದು ‘ಆಫ್ ಅಲ್ಲ, ಇನ್’ ಅಂತ ತಿದ್ದಿದಳಂತೆ. ಹೆಸರು ಹೇಳಿ ದೂರಲಿಲ್ಲವಂತೆ. ಮಂಗಳವಾರ ಗುರುವಾರ ಬಂದರೆ ನನ್ನ ಕಾಲುಗಳು ತಾವಾಗಿಯೇ ಬಸ್ ಸ್ಟಾಪಿನ ತನಕ ಹೋಗಿ ವಾಪಸು ಬರುತ್ತಿದ್ದವು. ಚೆರ್ರಿ ಗಿಡಗಳೆಲ್ಲ ಹೂ ಬಿಟ್ಟವು, ಮಳೆಗೆ ಉದುರಿ ರಸ್ತೆಗೆ ಅಂಟಿಕೊಂಡವು. ನನಗೆ ಅಕ್ಕಿ ಆರಿಸುವುದೂ ಬೇಡವಾಗಿತ್ತು.

ಮೇ ತಿಂಗಳ ಒಂದು ಬೆಳಗ್ಗೆ ಫೋನು ಬಂತು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. “ಈ ದರಿದ್ರ ಫೋನಿಗೆ ಹಳೇ ಕೈಬರಹ ಓದೋಕೆ ಬರಲ್ಲ. ಜಾನ್ ಹೆಂಡ್ತಿ ಇರೋ ಪುಟ ಬಂದಿದೆ. ಬಾ.”

ಹೋದೆ. ಮೇಜಿನ ಎದುರು ಕೂರಿಸಿ ಶರತ್ತು ಹೇಳಿದಳು. ಅರ್ಥ ಹೇಳಬಾರದು, ಅಕ್ಷರ ಹೇಳಬೇಕು. ಒಂದೊಂದಾಗಿ. ಅರ್ಥ ಅವಳೇ ಮಾಡಿಕೊಳ್ಳುತ್ತಾಳೆ. ನೋಟ್‌ಬುಕ್ ಮುಚ್ಚಿಡಬೇಕು. ನಾನು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಮಧ್ಯಾಹ್ನದ ತನಕ ಅಕ್ಷರ ಹೇಳಿದೆ. ಹೊರಡುವಾಗ, ಕಲ್ಲನ್ನು ಏನು ಮಾಡುತ್ತೀ, ಖರ್ಚು ನಾನು ಕೊಡುತ್ತೇನೆ, ಅಂದೆ. ಅಕ್ಷರ ತಿದ್ದಲಾಗುವುದಿಲ್ಲ, ಹಳೆಯದನ್ನು ಕಿತ್ತು ಬೇರೆ ಕಲ್ಲೇ ಹಾಕಬೇಕು ಅಂದಿದ್ದನಂತೆ ಕೆತ್ತುವವನು.

“ಬೇಡ ಅಂದೆ,” ಅಂದಳು ಜೀನ್. “ಬದುಕಿರೋತನಕ ಎಲ್ರೂ ಅವನನ್ನ ಎಬ್ಬಿಸಿದ್ದೇ ಆಯ್ತು. ಇನ್ನೊಂದ್ಸಲ ಒಕ್ಕಲೆಬ್ಬಿಸೋದು ಬೇಡ.”

ನನ್ನ ತಪ್ಪು ಕಲ್ಲಿನಲ್ಲಿ ಉಳಿಯಿತು. ಅವಳು ಕ್ಷಮಿಸಿದಳೇ ಅಂತ ಕೇಳುವ ಬಾಯಿ ನನಗೆ ಬರಲಿಲ್ಲ, ಅವಳೂ ಹೇಳಲಿಲ್ಲ. ಮಂಗಳವಾರ, ಗುರುವಾರ ಮಾತ್ರ ಮತ್ತೆ ಶುರುವಾದವು.

ಬಸ್ಸು ರೆಂಟನ್ ತಲುಪಿತು. ಇವತ್ತು ಮತ್ತೆ ಥಾಮಸ್ ತೀರಿಕೊಂಡ ದಿನ. ಜೀನ್ ಸ್ಟಾಪಿನಲ್ಲೇ ಕಾಯುತ್ತಿದ್ದಳು, ಅದೇ ಕೋಟು, ಕೈಯಲ್ಲಿ ಬಿಳಿ ಕೋಲು. ಈಗ ಅವಳಿಗೆ ಬೆಳಕು, ಕತ್ತಲು ಎರಡೇ ಕಾಣುವುದು. ನನ್ನ ತೋಳು ಹಿಡಿದುಕೊಂಡಳು, ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಕಲ್ಲಿನ ಮೇಲೆ ಒಂದು ವರ್ಷದ ಪಾಚಿ ಕೂತಿತ್ತು. ಜೀನ್ ಜೇಬಿನಿಂದ ಹಳೆಯ ಟೂತ್‌ಬ್ರಷ್ ತೆಗೆದುಕೊಟ್ಟಳು, ನಾನು ಉಜ್ಜಿದೆ. ಅವಳು ಮಂಡಿಯೂರಿ ಕೈ ಚಾಚಿದಳು, ನಾನು ಅವಳ ಬೆರಳು ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟೆ.

“ಓದು, ಬಿಗಾಟಿ.”

ಓದಿದೆ. ಜಿ. ಒ. ಯು. ಡಿ. ಐ. ಇ. ಅವಳ ಬೆರಳು ನನ್ನ ಮಾತಿನ ಹಿಂದೆಯೇ ಬಂತು. ಮುಂದಿನ ಎರಡು ಅಕ್ಷರಕ್ಕೆ ಬಂದೆ. ಐ, ಎನ್ ಅಂತ ಓದಿಬಿಡೋಣ ಅನ್ನಿಸಿತು. ಇರಬೇಕಾದದ್ದು ಅದೇ ತಾನೇ. ಆದರೆ ಇದ್ದದ್ದು ಅದಲ್ಲ.

“ಒ,” ಅಂದೆ. “ಎಫ್.”

ಅವಳ ಬೆರಳು ಅಲ್ಲೇ ನಿಂತಿತು. ಮಳೆ ನಮ್ಮಿಬ್ಬರ ಬೆನ್ನ ಮೇಲೂ ಬೀಳುತ್ತಿತ್ತು.

“ಸುಳ್ಳು ಹೇಳ್ತಿರೋದು ಕಲ್ಲು,” ಅಂದಳು ಜೀನ್. “ನೀನು ಸರಿಯಾಗೇ ಓದಿದೆ.”